ತಂಡದ ಮಾಲೀಕರ ಬಗ್ಗೆ ಎಐಗೆ ಕೇಳುವಾಗ: ಬರೀ ನೆನಪೋ, ವೆಬ್ ಹುಡುಕಾಟವೋ?

ಕ್ರೀಡಾ ತಂಡದ ಮಾಲೀಕರಿಗೆ ಎಂಥ ಹೆಸರಿದೆ ಅಂತ ಚಾಟ್‌ಬಾಟ್‌ಗೆ ಸುಮ್ನೆ ಕೇಳಬೇಕಾ, ವೆಬ್ ಹುಡುಕಾಟ ಆನ್ ಮಾಡಿ ಕೇಳಬೇಕಾ ಎಂದಿರಿ.

ಹಳೆಯ, ಇತ್ಯರ್ಥವಾದ ವಿಷಯಕ್ಕೆ ಅದರ ನೆನಪು, ಅಂದರೆ ತರಬೇತಿಯಲ್ಲಿ ಕಲಿತದ್ದು, ಸಾಮಾನ್ಯವಾಗಿ ಸಾಕು. ಉತ್ತರವೂ ಬೇಗ ಬರುತ್ತದೆ. 2014ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ, ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡದ ಆಗಿನ ಮಾಲೀಕ ಡೊನಾಲ್ಡ್ ಸ್ಟರ್ಲಿಂಗ್‌ಗೆ ಆಜೀವ ನಿಷೇಧ ಹಾಕಿ, 25 ಲಕ್ಷ ಡಾಲರ್ ದಂಡ ವಿಧಿಸಿದ್ದು ಅಂಥದ್ದು.

ಹೊಸ ಸಂಗತಿಗೆ ಹುಡುಕಾಟವೇ ವಾಸಿ. ಎಐನ ತರಬೇತಿ ಮುಗಿದ ಮೇಲೆ ತಂಡ ಕೈ ಬದಲಾಗಿದ್ದರೆ, ನೆನಪು ಹಳಬರನ್ನೇ ಮಾಲೀಕರು ಅನ್ನಬಹುದು.

ಮಾಲೀಕರಿಗೆ ಅನ್ಯಾಯವಾಗದಂತೆ ನೋಡುವ ವಿಚಾರ ಜಾಸ್ತಿ ಸೂಕ್ಷ್ಮ. ಹುಡುಕಾಟ ಈ ವಾರದ ಸಿಟ್ಟನ್ನೂ ಹೊತ್ತು ತರುತ್ತದೆ: ಸತತ ಮೂರು ಸೋಲು, ಅಭಿಮಾನಿಗಳ ಘೋಷಣೆ, ‘ಮಾಲೀಕ ಜಿಪುಣ’ ಎಂಬ ಮಾತು. ನೆನಪಿನ ಉತ್ತರವೋ ‘ಕೆಲವರು ಹೊಗಳುತ್ತಾರೆ, ಕೆಲವರು ಟೀಕಿಸುತ್ತಾರೆ’ ಅಂತ ತೇಲಿಸಿಬಿಡುತ್ತದೆ. ಆರೋಪವೂ ಸಾಬೀತಾದದ್ದೂ ಒಂದೇ ಸಾಲಲ್ಲಿ ಬೆರೆತರೆ ಒಬ್ಬರ ಮಾನ ಹೋಗುತ್ತದೆ, ಅಲ್ವಾ? ಹಾಗಾಗಿ ‘ಲೀಗ್ ಏನು ತೀರ್ಮಾನಿಸಿತು, ಯಾವ ವರ್ಷ, ಎಲ್ಲಿ ವರದಿಯಾಗಿದೆ’ ಎಂದು ಬಿಡಿಸಿ ಕೇಳಿ.

ಬರೆದು ಹಂಚುವವರಾದರೆ ಹುಡುಕಾಟ ಆರಿಸಿ, ಅದು ಕೊಟ್ಟ ಕೊಂಡಿ ತೆರೆದು ಓದಿ. ಗೆಳೆಯರ ಹರಟೆಗೆ ಹಿನ್ನೆಲೆ ಬೇಕಿದ್ದರೆ ನೆನಪೇ ಸಾಕು.