ಸಕ್ಕರೆ ಹಾಕದ ಸೋಯಾ ಹಾಲು: ವೀಗನ್ ಅಡುಗೆಮನೆಗೆ ಇದೇ ಸರಿ

ಅಂಗಡಿಯಲ್ಲಿ ಸೋಯಾ, ಬಾದಾಮಿ, ಓಟ್ಸ್, ತೆಂಗು ಎಂದು ಒಂದು ಲೀಟರ್ ಪ್ಯಾಕೆಟ್‌ಗಳು ಒಂದೇ ಸಾಲಿನಲ್ಲಿರುತ್ತವೆ. ವೀಗನ್ ಆಗಿ, ಅಂದರೆ ಪ್ರಾಣಿಮೂಲದ್ದೇನೂ ಬೇಡವೆಂದು, ಹೊಸದಾಗಿ ಹಾಲು ಮೊಸರು ಬಿಟ್ಟವರು ರುಚಿ ನೋಡಿ ಒಂದನ್ನು ಆರಿಸಿಬಿಡುತ್ತಾರೆ. ಆದರೆ ಪೋಷಣೆಯಲ್ಲಿ ಇವು ಒಂದೇ ಅಲ್ಲ. 100 ಮಿ.ಲೀ. ಸೋಯಾ ಹಾಲಿನಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಇದೆ, ಹೆಚ್ಚುಕಡಿಮೆ ಹಸುವಿನ ಹಾಲಿನಷ್ಟೇ. ಓಟ್ಸ್‌ನದು 1 ಗ್ರಾಂ ಆಸುಪಾಸು. ಬಾದಾಮಿಯದು ಅರ್ಧ ಗ್ರಾಂ ಮುಟ್ಟಿದರೆ ಹೆಚ್ಚು, ಏಕೆಂದರೆ ಅದರಲ್ಲಿ ಬಹುಪಾಲು ನೀರೇ. ದೊಡ್ಡವರ ದಿನದ ಊಟಕ್ಕೆ ಹಾಲಿನ ಜಾಗ ತುಂಬಬೇಕಿದ್ದರೆ ನಮ್ಮ ಆಯ್ಕೆ ಸೋಯಾ, ಅದರಲ್ಲೂ ಸಕ್ಕರೆ, ವೆನಿಲ್ಲಾ ಇಲ್ಲದ್ದು. ಸಿಹಿ ಹಾಕಿದ್ದನ್ನು ಮಜ್ಜಿಗೆ ಹುಳಿಗೆ ಬಳಸಲಾಗದು.

ಪ್ಯಾಕೆಟ್ಟಿನ ಹಿಂಬದಿಯಲ್ಲಿ ಮೊದಲು ನೋಡಬೇಕಾದದ್ದು ಕ್ಯಾಲ್ಸಿಯಂ. 100 ಮಿ.ಲೀ.ಗೆ 120 ಮಿ.ಗ್ರಾಂ ಹತ್ತಿರ ಇದ್ದರೆ ಕೊಳ್ಳಿ. ‘ಸಾವಯವ’ ಎಂದು ಬರೆದ ಎಷ್ಟೋ ಪ್ಯಾಕೆಟ್‌ಗಳಲ್ಲಿ ಅದನ್ನು ಸೇರಿಸಿರುವುದಿಲ್ಲ. ಮನೆಯಲ್ಲಿ ಕಾಳು ರುಬ್ಬಿ ತೆಗೆದ ಹಾಲಿನಲ್ಲೂ ಕ್ಯಾಲ್ಸಿಯಂ ತೀರಾ ಕಡಿಮೆ. ಹಸಿರು ಚುಕ್ಕೆಯನ್ನಷ್ಟೇ ನಂಬಬೇಡಿ, ಹಾಲಿನ ಪುಡಿ ಹಾಕಿದ ಪದಾರ್ಥಕ್ಕೂ ಆ ಚುಕ್ಕೆ ಇರುತ್ತದೆ. ವಿಟಮಿನ್ ಡಿ2 ಎಂದಿದ್ದರೆ ಸರಿ. ಬರೀ ಡಿ3 ಎಂದಿದ್ದರೆ ಅದು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾದದ್ದು.

ಲೆಕ್ಕ ಹೀಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಹೇಳುತ್ತದೆ. ಅರ್ಧ ಲೀಟರ್ ಸೋಯಾ ಹಾಲಿನಿಂದ 600, 100 ಗ್ರಾಂ ಹಿಟ್ಟಿನ ರಾಗಿಮುದ್ದೆಯಿಂದ ಸುಮಾರು 350. ಮುದ್ದೆಯದೆಲ್ಲ ಮೈಗೆ ಹತ್ತುವುದಿಲ್ಲ, ಹಾಗಾಗಿ ಒಂದು ಚಮಚ ಎಳ್ಳಿನ ಪುಡಿಯೂ ಸ್ವಲ್ಪ ನುಗ್ಗೆಸೊಪ್ಪೂ ಇರಲಿ. 55 ಕೆ.ಜಿ. ತೂಕದ ಹೆಂಗಸಿಗೆ ಬೇಕಾದ 46 ಗ್ರಾಂ ಪ್ರೋಟೀನಿನಲ್ಲಿ ಆ ಅರ್ಧ ಲೀಟರ್ ಹಾಲು 15 ಗ್ರಾಂ ಕೊಡುತ್ತದೆ. ಮಿಕ್ಕದ್ದಕ್ಕೆ ಬೇಳೆ, ಹುರುಳಿ, ಕಡಲೆ, ಮೊಳಕೆಕಾಳು.

ಇಷ್ಟಾದರೂ ಜನ ಪ್ಯಾಕೆಟ್ ಬಿಟ್ಟುಬಿಡುವುದು ಕಾಫಿಯ ಕಾರಣಕ್ಕೆ. ಲೋಟದಲ್ಲಿ ಹಾಲು ಒಡೆದು ತರಿತರಿಯಾಗುತ್ತದೆ, ಕೆಟ್ಟುಹೋಗಿದೆ ಎಂದು ಚೆಲ್ಲುತ್ತಾರೆ. ಅದು ಕೆಟ್ಟದ್ದಲ್ಲ. ಡಿಕಾಕ್ಷನ್ನಿನ ಹುಳಿ, ಬಿಸಿ, ಸೇರಿಸಿದ ಕ್ಯಾಲ್ಸಿಯಂ ಮೂರೂ ಕೂಡಿ ಸೋಯಾ ಪ್ರೋಟೀನನ್ನು ಗಟ್ಟಿಗೊಳಿಸುತ್ತವೆ. ನಿನ್ನೆಯ ಡಿಕಾಕ್ಷನ್ ಇನ್ನೂ ಹುಳಿ, ಆಗಷ್ಟೇ ಇಳಿಸಿದ್ದನ್ನೇ ಬಳಸಿ. ಹಾಲನ್ನು ಕುದಿಸದೆ ಹಬೆಯಾಡುವಷ್ಟು ಬಿಸಿ ಮಾಡಿ, ಡಿಕಾಕ್ಷನ್ ಎರಡು ನಿಮಿಷ ಆರಲು ಬಿಟ್ಟು, ಅದನ್ನು ಹಾಲಿಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ಕದಡಿ. ತಣ್ಣನೆಯ ಹಾಲನ್ನು ಕುದಿಯುವ ಡಿಕಾಕ್ಷನ್ನಿಗೆ ಸುರಿದರೆ ಒಡೆಯುವ ಸಂಭವವೇ ಹೆಚ್ಚು. ಪ್ರತಿಸಲವೂ ಪ್ಯಾಕೆಟ್ಟನ್ನು ಚೆನ್ನಾಗಿ ಕುಲುಕಿ. ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ, ಕುಲುಕದಿದ್ದರೆ ದುಡ್ಡು ಕೊಟ್ಟು ಕೊಂಡ ಕ್ಯಾಲ್ಸಿಯಂ ಖಾಲಿ ಪ್ಯಾಕೆಟ್ಟಿನ ಜೊತೆ ಕಸಕ್ಕೆ ಹೋಗುತ್ತದೆ. ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಮೊಸರಿಗೂ ಇದು ಒಗ್ಗುತ್ತದೆ. ಅರ್ಧ ಲೀಟರ್ ಉಗುರುಬೆಚ್ಚಗಿನ ಹಾಲಿಗೆ ಅರ್ಧ ಚಮಚ ಸಕ್ಕರೆ, ತೊಳೆದ ಏಳೆಂಟು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಬೆಚ್ಚಗೆ ಮುಚ್ಚಿಡಿ. ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಹಾಲಿನ ಸಕ್ಕರೆ ಸೋಯಾದಲ್ಲಿಲ್ಲ, ಅದಕ್ಕೇ ಆ ಅರ್ಧ ಚಮಚ. ಮೊದಲ ಸಲದ್ದು ನೀರುನೀರಾಗಿರಬಹುದು. ಅದನ್ನೇ ಹೆಪ್ಪು ಹಾಕಿದರೆ ಎರಡನೆಯದು ಚೆನ್ನಾಗಿ ಬರುತ್ತದೆ.

ಈ ಪ್ಯಾಕೆಟ್ಟಿನ ಕೈಲಾಗದ ಕೆಲಸ ವಿಟಮಿನ್ ಬಿ12. ಕೆಲವಕ್ಕೆ ಸೇರಿಸಿರುತ್ತಾರೆ, ಕೆಲವಕ್ಕೆ ಇಲ್ಲ. ಸ್ಪಿರುಲಿನಾ ಎಂಬ ಪಾಚಿಯ ಪುಡಿ, ಇಡ್ಲಿಹಿಟ್ಟಿನ ಹುಳಿ ಯಾವುದನ್ನೂ ಇದಕ್ಕೆ ನೆಚ್ಚುವಂತಿಲ್ಲ. ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ 2000 ಮೈಕ್ರೋಗ್ರಾಂ ಮಾತ್ರೆ ಬೇಕೇ ಬೇಕು. ಸೊಪ್ಪು, ಕಾಳು ಧಾರಾಳವಾಗಿ ತಿನ್ನುವವರಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಹೆಚ್ಚಿದ್ದು, ಬಿ12 ಕೊರತೆಯ ರಕ್ತಹೀನತೆ ಕಾಣದೆಯೇ ನರಗಳಿಗೆ ಹಾನಿ ನಡೆಯಬಹುದು. ಕ್ಯಾಪ್ಸೂಲ್‌ಗಳ ಹೊದಿಕೆ ಹೆಚ್ಚಾಗಿ ಪ್ರಾಣಿಮೂಲದ ಜೆಲಾಟಿನ್, ಆದ್ದರಿಂದ ಮಾತ್ರೆಯನ್ನೇ ಕೇಳಿ. ಥೈರಾಯ್ಡ್ ಮಾತ್ರೆ ನುಂಗುವವರು ಅದಕ್ಕೂ ಈ ಹಾಲಿಗೂ ನಾಲ್ಕು ಗಂಟೆ ಅಂತರ ಇಡಿ, ಸೋಯಾವೂ ಕ್ಯಾಲ್ಸಿಯಂ ಕೂಡ ಆ ಔಷಧ ಹೀರಿಕೊಳ್ಳುವುದನ್ನು ತಡೆಯುತ್ತವೆ.