ಹುಲ್ಲುಗಾವಲ ಹಕ್ಕಿಯೋ, ಹೊಳೆಯ ಹಕ್ಕಿಯೋ?

ಹುಲ್ಲುಗಾವಲಿನ ದೊಡ್ಡ ಹಕ್ಕಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಉಳಿಸುವ ಕೆಲಸಕ್ಕೆ ಸೇರಲೋ, ಹೊಳೆಯ ಹಕ್ಕಿ ಇಂಡಿಯನ್ ಸ್ಕಿಮ್ಮರ್ ಉಳಿಸುವ ಕೆಲಸಕ್ಕೋ ಅಂತ ಕೇಳಿದ್ದೀರಿ. ಅಪಾಯ ಯಾರಿಗೆ ಜಾಸ್ತಿ ಅಂದರೆ, ಬಸ್ಟರ್ಡ್‌ಗೇ. ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರುವುದು ಸುಮಾರು 150, ಅವುಗಳಲ್ಲಿ ಬಹುಪಾಲು ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು. ಸ್ಕಿಮ್ಮರ್ ಅದಕ್ಕಿಂತ ಹೆಚ್ಚಿವೆ, ಚಂಬಲ್ ನದಿ ಅವುಗಳ ಮುಖ್ಯ ತವರು.

ಕೆಲಸದ ಸ್ವರೂಪ ಮಾತ್ರ ಪೂರ್ತಿ ಬೇರೆ. ಸ್ಕಿಮ್ಮರ್ ಬೇಸಿಗೆಯಲ್ಲಿ ಮರಳು ದಿಬ್ಬದ ಮೇಲೆ ಮೊಟ್ಟೆ ಇಡುತ್ತದೆ. ನೀರು ಇಳಿದರೆ ನಾಯಿ, ನರಿಗಳು ನಡೆದೇ ಬರುತ್ತವೆ. ಅಣೆಕಟ್ಟಿನಿಂದ ದಿಢೀರ್ ನೀರು ಬಿಟ್ಟರೆ ಗೂಡುಗಳೇ ಕೊಚ್ಚಿಹೋಗುತ್ತವೆ. ಮರಳು ಗಣಿಗಾರಿಕೆಯ ಕಾಟ ಬೇರೆ. ಆದರೂ ಕೆಲವು ತಿಂಗಳು ಊರಿನವರೇ ಗೂಡು ಕಾದರೆ, ಮರಿಗಳು ಹಾರುವುದನ್ನು ಅದೇ ವರ್ಷ ನೋಡಬಹುದು.

ಬಸ್ಟರ್ಡ್‌ಗೆ ಅಷ್ಟು ಅವಸರ ನಡೆಯಲ್ಲ. ಸಾಮಾನ್ಯವಾಗಿ ಒಂದೇ ಮೊಟ್ಟೆ. ಭಾರದ ಮೈ, ಎದುರಿನದು ಸರಿಯಾಗಿ ಕಾಣದು, ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. ತಂತಿ ನೆಲದಡಿ ಹಾಕಿಸುವುದು ಕೋರ್ಟು, ಸರ್ಕಾರ, ಕಂಪನಿಗಳ ಮಟ್ಟದ ಜಗ್ಗಾಟ. ರಾಜಸ್ಥಾನದಲ್ಲಿ ಮರಿ ಬೆಳೆಸುವ ಕೇಂದ್ರಗಳಿವೆ, ಅದು ಪರಿಣತರ ಕೆಲಸ. ಖರ್ಚೂ ಜಾಸ್ತಿ. ಹುಲ್ಲುಗಾವಲನ್ನು ದಾಖಲೆಗಳಲ್ಲಿ ಸುಮ್ನೆ ‘ಪಾಳು ಭೂಮಿ’ ಅಂತ ಬರೆದುಬಿಡುವುದು ನನಗಂತೂ ದೊಡ್ಡ ತಲೆನೋವು.

ಬೇಸಿಗೆ ರಜೆ ಮಾತ್ರ ಸಿಗುವವರಿಗೆ, ಹೊಳೆಯ ಹತ್ತಿರ ಇರುವವರಿಗೆ ಸ್ಕಿಮ್ಮರ್ ಸರಿ. ಕಾನೂನು, ನಕ್ಷೆ, ರೈತರ ಜೊತೆ ಮಾತುಕತೆ ಇಷ್ಟವಿದ್ದು ವರ್ಷಗಟ್ಟಲೆ ಕಾಯುವ ತಾಳ್ಮೆ ಇದ್ದರೆ ಬಸ್ಟರ್ಡ್ ಕಡೆ ಹೋಗಿ.