ಆಕ್ಸ್‌ಐ ಡೈಸಿ ಬೀಜದ ಪೊಟ್ಟಣ: ಬೀಜ ಚೆನ್ನ, ಸೂಚನೆ ದಂಡ

ಲ್ಯೂಕ್ಯಾಂಥಿಮಮ್ ವಲ್ಗೇರ್ ಎಂಬ ಬಹುವಾರ್ಷಿಕ ಕಾಡು ಡೈಸಿಯ 1 ಗ್ರಾಂ ಪೊಟ್ಟಣ ಇದು. ಬೀಜ ಶುದ್ಧವಾಗಿದೆ, ಹೊಟ್ಟು ಕಡಿಮೆ. ಕಪ್ಪು ಮೈಮೇಲೆ ಉದ್ದುದ್ದ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಮೊಳಕೆಯ ಬಗ್ಗೆಯೂ ದೂರಿಲ್ಲ.

ತಕರಾರಿರುವುದು ಹಿಂಬದಿಯ ಸೂಚನೆಯಲ್ಲಿ. '1 ಸೆಂ.ಮೀ. ಆಳಕ್ಕೆ ಬಿತ್ತಿ' ಎಂದಿದೆ. ಹಾಗೆ ಮಾಡಿದರೆ ಬಹುಪಾಲು ಮೇಲೇಳುವುದೇ ಇಲ್ಲ. ಈ ಬೀಜಕ್ಕೆ ಬೆಳಕು ಬೇಕು. ಒಂದೆರಡು ಚಮಚ ಒಣ ಮರಳಿನೊಂದಿಗೆ ಬೆರೆಸಿ, ತೇವದ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ ಬಿಡಿ. ಮಣ್ಣು ಮುಚ್ಚಬೇಡಿ. ನೀರು ಸ್ಪ್ರೇಯರ್‌ನಿಂದಲೇ ಕೊಡಿ, ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. 18–20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ವಾರ ಸಾಕು. ನಾಲ್ಕೆಲೆ ಬಂದಾಗ 30 ಸೆಂ.ಮೀ. ಅಂತರಕ್ಕೆ ನಾಟಿ ಮಾಡಿ.

'ಗೊಬ್ಬರ ಧಾರಾಳವಾಗಿ ಹಾಕಿ' ಎಂಬುದಂತೂ ತಲೆಕೆಳಗಾದ ಸಲಹೆ. ಕೊಬ್ಬಿದ ಮಣ್ಣಿನಲ್ಲಿ ಎಲೆಯೇ ಹೆಚ್ಚು, ದಂಟು ಮಗುಚಿ ಬೀಳುತ್ತದೆ. ಬಡ ಮಣ್ಣು, ಪೂರ್ತಿ ಬಿಸಿಲು, ನೀರು ನಿಲ್ಲದ ಜಾಗ ಇಷ್ಟಿದ್ದರೆ ಆಯಿತು. ಮೊದಲ ವರ್ಷ ಸಾಮಾನ್ಯವಾಗಿ ನೆಲಕ್ಕಂಟಿದ ಎಲೆಗೊಂಚಲಷ್ಟೇ. ಹೂವು ಎರಡನೇ ವರ್ಷಕ್ಕೆ. ಇದನ್ನೂ ಬರೆದಿಲ್ಲ, ಆಮೇಲೆ ಜನ ಬೀಜವನ್ನು ಬೈಯುತ್ತಾರೆ!

ದೊಡ್ಡ ಲೋಪ ಬೇರೆಯೇ ಇದೆ. ಈ ಗಿಡ ಬೀಜದಿಂದಲೂ ನೆಲದಡಿಯ ಕಾಂಡದಿಂದಲೂ ಹಬ್ಬುತ್ತದೆ. ಯುರೋಪಿನಾಚೆ ಹಲವೆಡೆ ಇದು ಕಳೆ. ದಳ ಬಾಡಿದ ಕೂಡಲೇ ಹೂತಲೆ ಕತ್ತರಿಸಿ, ಕಾಂಪೋಸ್ಟ್‌ಗೆ ಹಾಕಬೇಡಿ. ಹುಲ್ಲುಗಾವಲು, ಹೊಲದ ಪಕ್ಕದಲ್ಲಿದ್ದರೆ ಬಿತ್ತದಿರುವುದೇ ಒಳ್ಳೆಯದು.

ಬೀಜಕ್ಕೆ 5ಕ್ಕೆ 4, ಲೇಬಲ್‌ಗೆ 1.